ಟೋಪಿ ಹಾರಿದ ದಿನ

ನೆವಾರ್ಕ್, ಭಾನುವಾರ

ಪ್ರೀತಿಯ ವಿನೋದಕ್ಕ,

ನಿಮ್ಮ ಕಾರಿನಲ್ಲಿ ನಿನ್ನೆ ಕಡಲ ದಾರಿ ಹಿಡಿದು ಹಾಫ್ ಮೂನ್ ಬೇವರೆಗೆ ಹೋಗಿಬಂದೆವು. ಕೀಮೋ ಮುಗಿದ ಮೇಲೆ ನಮ್ಮ ಮನೆಯವರು ಆಸ್ಪತ್ರೆಗಲ್ಲದೆ ಬೇರೆ ಕಡೆ ಹೊರಟದ್ದು ಇದೇ ಮೊದಲು. ಅವರ ಕೂದಲು ಉದುರಿದಾಗಿನಿಂದ ನಮ್ಮ ಪುಟ್ಟ ಇರಮ್ ತನ್ನ ಅಬ್ಬಾನ ಹತ್ತಿರ ಹೋಗಲು ಹೆದರುತ್ತಿದ್ದದ್ದು ನಿಮಗೆ ಗೊತ್ತು.

ದಡದಲ್ಲಿ ಗಾಳಿಗೆ ಅವರ ಟೋಪಿ ಹಾರಿತು. ಇರಮ್ ತಾನೇ ಓಡಿಹೋಗಿ ಹಿಡಿದು ತಂದಳು. ಕೊಡುವ ಮೊದಲು ಬೋಳುತಲೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, "ಅಬ್ಬಾ, ಇಟ್ಸ್ ಸೋ ಸಾಫ್ಟ್!" ಎಂದಳು.

"ಇನ್ನೊಂದ್ಸಲ ಮುಟ್ಟು ಬೇಟಾ," ಎನ್ನುತ್ತಾ ಅವರು ಮರಳಿನ ಮೇಲೆ ಕೂತೇಬಿಟ್ಟರು. ನಾನು ಸಮುದ್ರದ ಕಡೆ ತಿರುಗಿ ನಿಂತೆ.

ಸೀಟಿನ ಮರಳನ್ನೆಲ್ಲ ವ್ಯಾಕ್ಯೂಮ್ ಮಾಡಿ ಸಂಜೆ ಕೀ ತಂದುಕೊಡುತ್ತೇನೆ. ಮುಂದಿನ ಶನಿವಾರ ಮತ್ತೆ ಕಾರು ಸಿಗಬಹುದೇ ಅಕ್ಕಾ? ಈ ಸಲ ಅಬ್ಬಾ ಹಿಂದೆ ತನ್ನ ಪಕ್ಕದಲ್ಲೇ ಕೂರಬೇಕಂತೆ, ಇರಮ್ ಹೇಳುತ್ತಿದ್ದಾಳೆ.

ದುವಾದಲ್ಲಿ ನಿಮ್ಮನ್ನು ನೆನೆಯುವ,
ಅಮ್ರೀನ್