ಶಂಕ್ರೆವ್ವ ಆಡದ ಮಾತು

ಮುದ್ದೇಬಿಹಾಳ
23 ಫೆಬ್ರವರಿ 2025

ಪ್ರೀತಿಯ ಮುಬೀನಾ,

ನಿನಗೂ ಮನೆಯವರೆಲ್ಲರಿಗೂ ನನ್ನ ಸಲಾಂ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಫೋನು ಮಾಡೋಣವೆಂದರೆ ನಿನ್ನ ಕಿವಿ ಈಗ ಪೂರ್ತಿ ಕೇಳಿಸುವುದಿಲ್ಲವಂತೆ, ನಿನ್ನ ಸೊಸೆ ಹೇಳಿದಳು. ನಾನು ಈಗ ಬರೆಯುವ ಸುದ್ದಿ ಅವಳ ಬಾಯಿಂದ ನಿನಗೆ ಮುಟ್ಟುವುದೂ ನನಗೆ ಬೇಡ. ನೀನೇ ಓದಬೇಕು.

ನನ್ನ ಪುಸ್ತಕ ಹೇಗೆ ನಡೆದಿದೆ ಎಂದು ನೀನು ಕೇಳಿದ್ದೆ. ನಡೆಯಿತು ಮುಬೀನಾ, ನಾನು ಬಯಸಿದ್ದಕ್ಕಿಂತ ಹೆಚ್ಚೇ ನಡೆಯಿತು.

ಧಾರವಾಡದ ಪ್ರಕಾಶಕ ಅನಿಲ ನನ್ನ ಬರಹ ಒಪ್ಪಿಕೊಂಡ ದಿನ, ಇನ್ನು ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮೂವತ್ತೈದು ವರ್ಷದ ನರ್ಸ್ ಕೆಲಸವನ್ನೆಲ್ಲ ಬರೆದುಕೊಟ್ಟಾಗಿದೆ, ಮುಂದಿನದು ಅವನಿಗೆ ಬಿಟ್ಟದ್ದು ಎಂದು. ಅವನೂ ತನ್ನ ಪಾಲಿನದನ್ನು ಚೆನ್ನಾಗಿಯೇ ಮಾಡಿದ. ತಪ್ಪು ತಿದ್ದಿಸಿದ, ಚೆಂದದ ಮುಖಪುಟ ಹಾಕಿಸಿದ, ಅಂಗಡಿಗಳಿಗೆ ಕಳಿಸಿದ. ಹದಿನೈದು ದಿನ ಬಿಟ್ಟು ಫೋನು ಬಂತು. "ಪುಸ್ತಕ ಅಂಗಡ್ಯಾಗ ಕುಂತಾವ್ರಿ ಮೇಡಂ. ಕೂಡಸೂದು ನನ್ನ ಕೆಲಸ, ಎಬ್ಬಸೂದು ನಿಮ್ಮ ಕೆಲಸ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ವರ್ಷಕ್ಕೆ ಹತ್ತು ಹನ್ನೆರಡು ಪುಸ್ತಕ ತರುತ್ತಾನಂತೆ, ಜೊತೆಗಿರುವುದು ಒಬ್ಬಳೇ ಗುಮಾಸ್ತೆ. ಒಂದೊಂದು ಪುಸ್ತಕದ ಬೆನ್ನು ಹತ್ತಿ ಊರೂರು ತಿರುಗಲು ಅವನಿಂದ ಆಗುವುದಿಲ್ಲ. ಈಗಿನ ಕಾಲದಲ್ಲಿ ಎಷ್ಟು ದೊಡ್ಡ ಲೇಖಕರಾದರೂ ತಾವೇ ಓದುಗರ ಮುಂದೆ ಹೋಗಿ ನಿಲ್ಲಬೇಕಂತೆ. ನನಗೆ ಗೊತ್ತಿರುವ ಕಾಲೇಜು, ಗ್ರಂಥಾಲಯ, ಮಹಿಳಾ ಸಂಘಗಳ ಪಟ್ಟಿ ಮಾಡಿಸಿದ. ಮೊಬೈಲಿನ ಮುಂದೆ ಕೂತು ಮಾತಾಡುವುದನ್ನು ಕಲಿಸಿದ. ಪೋಲಿಯೊ ಹನಿ ಹಾಕಿಸಿರೆಂದು ಮನೆಮನೆಯ ಬಾಗಿಲು ಬಡಿದವಳು ನಾನು, ಯಾರ ಮುಂದೆಯೂ ನಾಚಿದವಳಲ್ಲ. ಆದರೆ "ನನ್ನ ಪುಸ್ತಕ ತಗೋರಿ" ಎನ್ನುವಾಗ ನಾಲಿಗೆ ಹೊರಳುತ್ತಿರಲಿಲ್ಲ.

ಮೊದಲು ಹೋದದ್ದು ಇಂಡಿ ಊರಿನ ಒಂದು ಕಾಲೇಜಿಗೆ. ತಾಯಂದಿರ ಆರೋಗ್ಯದ ಬಗ್ಗೆ ಬರೆದುಕೊಂಡು ಹೋಗಿದ್ದನ್ನು ಓದಿದೆ. ಹುಡುಗಿಯರು ಮರ್ಯಾದೆಗೆ ಕೂತಿದ್ದರು. ಮುಗಿದ ಮೇಲೆ ಪ್ರಿನ್ಸಿಪಾಲರೊಬ್ಬರೇ ಒಂದು ಪ್ರತಿ ತೆಗೆದುಕೊಂಡರು. ಬಸ್ಸಿನಲ್ಲಿ ವಾಪಸು ಬರುವಾಗ ಪುಸ್ತಕದ ಗಂಟು ಕಾಲ ಬಳಿ ಹಾಗೆಯೇ ಇತ್ತು. ಅನಿಲನಿಗೆ ಹೇಳಿದಾಗ, ಜನಕ್ಕೆ ವಿಷಯ ಬೇಕಿಲ್ಲ, ಕಥೆ ಬೇಕು ಎಂದ. ತಂಗಡಗಿಯ ಅಧ್ಯಾಯ ಹೇಳಿ ಎಂದ.

ಆ ಅಧ್ಯಾಯ ನೀನು ಓದಿದ್ದೀ. ಅಲ್ಲಿರುವುದು ಇಷ್ಟೇ: ನಾನೂ ನೀನೂ ತಂಗಡಗಿ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದಾಗ ಒಂದು ಮಧ್ಯಾಹ್ನ ಬಸುರಿಯೊಬ್ಬಳನ್ನು ಗಂಡ ಕರೆತಂದ. ತವರಿಗೆ ಹೊರಡುವ ಮೊದಲೇ ನೋವು ಬಂದಿತ್ತು. ಹೆಣ್ಣು ಕೂಸು ಚೆನ್ನಾಗಿ ಹುಟ್ಟಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ಯುವ ಜೀಪು ಬರುವಷ್ಟರಲ್ಲಿ ಹೋದಳು. ಪುಸ್ತಕದಲ್ಲಿ ಅವಳ ಹೆಸರು ಬದಲಿಸಿದ್ದೆ.

ಸಿಂದಗಿಯ ಮಹಿಳಾ ಸಂಘದಲ್ಲಿ ಕಾಗದ ನೋಡದೆ ಇದನ್ನೇ ಹೇಳಿದೆ. ಸಭೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಹೇಳುವ ಭರದಲ್ಲಿ ಶಂಕ್ರೆವ್ವ ಎಂಬ ಅವಳ ನಿಜ ಹೆಸರೇ ಬಾಯಿಗೆ ಬಂದುಬಿಟ್ಟಿತು. ಮುಂದೆ ಕೂತಿದ್ದ ವಯಸ್ಸಾದ ಹೆಂಗಸು, ಅವಳು ಕೊನೆಗೆ ಏನಾದರೂ ಅಂದಳೇ ಎಂದು ಕೇಳಿದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ, "'ನನ್ನ ಮಗಳ್ನ ಸಾಲಿ ಕಲಸ್ರಿ' ಅಂದ್ಲು."

ಎಲ್ಲಿಂದ ಬಂತೋ ಆ ಮಾತು, ನನಗೆ ಗೊತ್ತಿಲ್ಲ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ತಂದಿದ್ದ ಪುಸ್ತಕ ಒಂದೂ ಉಳಿಯಲಿಲ್ಲ. ಯಾರೋ ಮಾಡಿದ ವಿಡಿಯೊವನ್ನು ಅನಿಲ ತನ್ನ ಪುಟದಲ್ಲಿ ಹಾಕಿದ, ಅದು ಫೋನಿನಿಂದ ಫೋನಿಗೆ ಹರಿದಾಡಿತು. ಮರುಮುದ್ರಣಕ್ಕೆ ಹಾಕಿದ್ದೇನೆ, ಇದನ್ನೇ ಹೇಳುತ್ತಿರಿ ಎಂದ. ಆ ಮಾತು ನಾನು ಕಟ್ಟಿದ್ದೆಂದು ಅವನಿಗೆ ಹೇಳಲಿಲ್ಲ. ಆಮೇಲೆ ಮುದ್ದೇಬಿಹಾಳದಲ್ಲಿ ಹೇಳಿದೆ, ಇಂಡಿಗೆ ಮತ್ತೆ ಕರೆದರು, ಅಲ್ಲಿಯೂ ಹೇಳಿದೆ. ಮೂರನೆಯ ಸಲಕ್ಕೆ ಎಲ್ಲಿ ದನಿ ಇಳಿಸಬೇಕು ಎಂಬುದೂ ರೂಢಿಯಾಗಿತ್ತು. ಅದೇ ನನಗೆ ಈಗ ಹೇಸಿಗೆ ಹುಟ್ಟಿಸುತ್ತದೆ.

ಜನವರಿಯಲ್ಲಿ ಬಸವನ ಬಾಗೇವಾಡಿಯ ಗ್ರಂಥಾಲಯದಲ್ಲಿ ಮಾತು ಮುಗಿಸಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ. ಸರತಿಯ ಕೊನೆಗೆ ನಿಂತಿದ್ದ ಹುಡುಗಿ ಹತ್ತಿರ ಬಂದು ಕಾಲು ಮುಟ್ಟಿದಳು. ಹೆಸರು ಕೇಳಿದೆ. "ರೇಣುಕಾ ಅಂತ್ರಿ. ಗೊಳಸಂಗಿಯಾಕಿ. ನೀವು ಹೇಳಿದ್ರಲ್ರಿ ಶಂಕ್ರೆವ್ವ, ನಾ ಅಕಿ ಮಗಳು."

ಅವಳ ಪುಸ್ತಕಕ್ಕೆ ಸಹಿ ಹಾಕಿಕೊಟ್ಟೆ. ಅವಳನ್ನು ಹುಟ್ಟಿದ ಗಳಿಗೆಯಲ್ಲಿ ನೋಡಿದ್ದೆ, ಈಗ ಇಪ್ಪತ್ತೆರಡು ವರ್ಷ. ತಂದೆ ಮರುಮದುವೆಯಾದ ಮೇಲೆ ತಾಯಿಯ ತಾಯಿ ಸಿದ್ದಲಿಂಗವ್ವ ಅವಳನ್ನು ಗೊಳಸಂಗಿಗೆ ತಂದು ಸಾಕಿದ್ದಾಳೆ. ಪಿಯುಸಿ ಆದ ಮೇಲೆ ಓದು ನಿಂತಿತ್ತು. ಹೋದ ವರ್ಷ ಗಂಡು ಗೊತ್ತುಮಾಡಿದ್ದರು. ಅಷ್ಟರಲ್ಲಿ ಗೆಳತಿಯ ಫೋನಿನಲ್ಲಿ ನನ್ನ ವಿಡಿಯೊ ನೋಡಿದಳಂತೆ. ನನ್ನ ಅವ್ವ ಹೇಳಿ ಹೋಗಿದ್ದಾಳೆ, ನಾನು ಕಲಿಯುತ್ತೇನೆ ಎಂದು ಹಟ ಹಿಡಿದು ಕೂತಳು. ಅಜ್ಜಿ ಮದುವೆ ಮುರಿದಳು. ಈಗ ಬಾಗೇವಾಡಿಯಲ್ಲೇ ನರ್ಸಿಂಗ್ ಕಲಿಯುತ್ತಿದ್ದಾಳೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಅವ್ವನ ಮಾತು ಇನ್ನೊಮ್ಮೆ ಹೇಳಿರೆಂದು ಕೇಳಿದಳು. ನಿಮ್ಮ ಊರಿಗೇ ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಒಂದು ವಾರ ಯೋಚಿಸಿದೆ. ಸುಳ್ಳೇ ಆದರೂ ಒಂದು ಹುಡುಗಿಯ ಬದುಕು ಅದರಿಂದ ನೆಟ್ಟಗಾಗಿದೆ, ಬಿಟ್ಟುಬಿಡು ಎಂದು ಮನಸ್ಸು ಹೇಳುತ್ತಿತ್ತು. ಆದರೆ ತಾಯಿಯ ಬಗ್ಗೆ ಅವಳಿಗಿರುವುದು ಆ ಒಂದೇ ಮಾತು, ಮತ್ತು ಅದು ತಾಯಿಯದಲ್ಲ. ಪುಸ್ತಕ ಮಾರಲು ನಾನು ಹುಟ್ಟಿಸಿದ್ದು. ಭಾನುವಾರ ಗೊಳಸಂಗಿಗೆ ಹೋದೆ.

ಸಿದ್ದಲಿಂಗವ್ವ ಕುರಿಗಳನ್ನು ಮೇಯಲು ಕಳಿಸಿ ಕಟ್ಟೆಯ ಮೇಲೆ ಕೂತಿದ್ದಳು. ರೇಣುಕಾ ಚಹಾ ತಂದಳು. ಕುಡಿಯುವ ಮೊದಲೇ ಹೇಳಿಬಿಟ್ಟೆ. ಹುಡುಗಿಯ ಮುಖ ಕೆಳಗಾಯಿತು. ತಲೆ ಎತ್ತದೆಯೇ ಕೇಳಿದಳು, "ಹಂಗಾದ್ರ ಅದು ನಿಮ್ಮ ಮಾತೇನ್ರಿ?"

ಹೌದೆಂದೆ.

"ಖರೇನ ಏನಂದ್ಲ್ರಿ ಅವ್ವ?"

ಏನೂ ಅನ್ನಲಿಲ್ಲ ಎಂದೆ.

ಅಜ್ಜಿ ಆಗ ಬಾಯಿ ಬಿಟ್ಟಳು. "ನನಗ ಗೊತ್ತಿತ್ರಿ ಬಾಯಾರ. ನನ್ನ ಮಗಳಿಗಿ ಸಾಲಿ ಅಂದ್ರ ಆಗ್ತಿದ್ದಿಲ್ಲ. ಪಾಟಿ ಒಗದು ಕುರಿ ಹಿಂದ ಓಡ್ತಿದ್ಲು. ಅಕಿ ಸಾಯೂ ಮುಂದ ಸಾಲಿ ನೆನಸ್ತಾಳೇನು? ಈ ಕೂಸು ಕಲೀಲಿ ಅಂತ ಸುಮ್ಮಿದ್ದೆ."

ರೇಣುಕಾ ಒಳಗೆ ಹೋಗಿ ನಾನು ಸಹಿ ಹಾಕಿಕೊಟ್ಟಿದ್ದ ಪುಸ್ತಕ ತಂದು ನನ್ನ ಪಕ್ಕದಲ್ಲಿಟ್ಟಳು. "ಇನ್ನ ಮ್ಯಾಲ ನಮ್ಮವ್ವನ ಹೆಸರು ಹೇಳಿ ಮಾರಬ್ಯಾಡ್ರಿ," ಎಂದಳು. ದನಿ ಏರಿಸಲಿಲ್ಲ, ಅಳಲಿಲ್ಲ.

ಮನೆಗೆ ಬಂದು ಅನಿಲನಿಗೆ ಎಲ್ಲ ಹೇಳಿದೆ. ಓದುಗರನ್ನು ಕರೆತನ್ನಿ ಎಂದಿದ್ದೆ, ಸುಳ್ಳು ಹೇಳಿ ಎಂದಿರಲಿಲ್ಲ ಎಂದ. ಅವನು ಹೇಳಿದ್ದು ನಿಜ. ತನ್ನ ಪುಟದಿಂದ ವಿಡಿಯೊ ತೆಗೆದುಹಾಕಿದ. ಆದರೆ ಜನರ ಫೋನುಗಳಿಗೆ ಹೋದದ್ದನ್ನು ತೆಗೆಯಲು ಅವನಿಂದಲೂ ಆಗುವುದಿಲ್ಲ. ಸಿಂದಗಿಗೆ ಮತ್ತೆ ಹೋಗಿ ಅದೇ ಹೆಂಗಸರ ಮುಂದೆ, ಆ ಮಾತು ನಾನು ಕಟ್ಟಿದ್ದು ಎಂದು ಹೇಳಿ ಬಂದೆ. ಕೆಲವರು ಎದ್ದು ಹೋದರು. ಪುಸ್ತಕದ ಮಾರಾಟ ಈಗ ಹೆಚ್ಚುಕಡಿಮೆ ನಿಂತಿದೆ. ರೇಣುಕಾ ಕಾಲೇಜು ಬಿಟ್ಟಿಲ್ಲವೆಂದು ಅಜ್ಜಿ ಫೋನಿನಲ್ಲಿ ಹೇಳಿದಳು. ನನ್ನ ಜೊತೆ ಹುಡುಗಿ ಮಾತಾಡಲಿಲ್ಲ. ಮಾತಾಡಲಿ ಎಂದು ಕೇಳುವ ಬಾಯಿ ನನಗೂ ಇಲ್ಲ.

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಬಿಸಿಲು ಏರುವ ಮೊದಲು ಒಮ್ಮೆ ಬಂದು ನಾಲ್ಕು ದಿನ ಇದ್ದು ಹೋಗು. ನಿನ್ನ ಮೊಮ್ಮಗಳು ಹತ್ತನೆಯ ಪರೀಕ್ಷೆಗೆ ಕೂರುತ್ತಾಳೆಂದು ನೀನು ಬರೆದಿದ್ದೆ. ಅವಳ ಕೈಬರಹ ದುಂಡಗೆ ಬರಲಿ, ಬುದ್ಧಿ ತಿಳಿಯಾಗಿರಲಿ, ಅವಳ ತಲೆಯ ಮೇಲೆ ನನ್ನ ಕೈ ಇದೆಯೆಂದು ಹೇಳು.

ನಿನ್ನ
ಯಶೋಧಾ

ತಾ.ಕ.: ಏನೂ ಅನ್ನಲಿಲ್ಲ ಎಂದು ರೇಣುಕಾಳಿಗೆ ಹೇಳಿದ್ದೂ ಸುಳ್ಳು. ನಿನಗೆ ಗೊತ್ತು. ಶಂಕ್ರೆವ್ವ ನೀರು ಕೇಳಿದಳು, ಮೂರು ಸಲ ಕೇಳಿದಳು. ನೀನು ಲೋಟ ತಂದೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಬೇಕಾಗಬಹುದು, ಹೊಟ್ಟೆ ಖಾಲಿ ಇರಬೇಕು ಎಂದು ನಾನು ನಿನ್ನ ಕೈ ಹಿಡಿದು ತಡೆದೆ. ಪುಸ್ತಕದಲ್ಲಿ ಎಲ್ಲ ಬರೆದೆ, ಇದೊಂದನ್ನು ಬರೆಯಲಿಲ್ಲ. ಒಂದು ಗುಟುಕು ಕೊಡಬಹುದಿತ್ತೇ ಮುಬೀನಾ? ಆವತ್ತು ನೀನು ಏನೂ ಹೇಳಲಿಲ್ಲ. ಈಗ ಹೇಳು.