ಬಚ್ಚಲ ಹಿಂದಿನ ಹೆದ್ದಾರಿ

ತಂಗಿಗೆ,

ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದಾಗ ನೀನು ಆಚೆ ದಡದಲ್ಲಿ ಮನೆ ಕಟ್ಟಿದೆಯೆಂಬ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದು ಹಾಗಿರಲಿ. ನಮ್ಮ ಹಳೇ ಹೆದ್ದಾರಿ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದೇನೆ. ಟೈಲರ್ ಮನೆಯ ಬಚ್ಚಲ ಹಿಂದೆ ಡಾಂಬರು ಸಿಕ್ಕಿತು, ನಡುವಿನ ಬಿಳಿ ಗೆರೆಯೂ ಇದೆ.

“ಅಲ್ಲೇನ್ರೀ ಹುಡುಕ್ತಿದ್ದೀರಾ?” ಎಂದು ಟೈಲರ್ ಹೆಂಡತಿ ಗದರಿದಳು.

“ಹೆದ್ದಾರಿ” ಎಂದೆ.

“ಲಾರಿ ಬಂದ್ರೆ ಕೂಗಿ, ಒಣಗಾಕಿರೋ ಬಟ್ಟೆ ತೆಗೀತೀನಿ!”

ಥೇಟ್ ನಿನ್ನದೇ ಬಾಯಿ.

ಗೆರೆ ಹಿಡಿದು ನಡೆದೆ. ಕೋಳಿಗೂಡಿನ ಅಡಿ ಹಾದು ರಸ್ತೆ ನೆಟ್ಟಗೆ ನೀರಿಗಿಳಿಯುತ್ತದೆ. ನಿನ್ನ ದಡದಲ್ಲಿ ಎಲ್ಲಿ ಮೇಲೇಳುತ್ತದೆ? ನನಗೆ ತಿಳಿಯಲೇಬೇಕು. ಈಗ ಬೇಸಿಗೆಗೆ ಇಳಿದಿರುವ ನೀರು ಮಳೆಗೆ ಮತ್ತೆ ಏರುವ ಮೊದಲು ಹುಡುಕಿ, ಭಾನುವಾರ ಬೆಳಿಗ್ಗೆ ಅಲ್ಲಿ ಕೆಂಪು ಟವಲ್ ಹಿಡಿದು ನಿಲ್ಲು; ನನ್ನ ಕಣ್ಣು ಮಂಜಾಗಿದೆ. ಈ ತುದಿಯಲ್ಲಿ ನಾನಿರುತ್ತೇನೆ.

ರಸ್ತೆ ಸಿಗದಿದ್ದರೂ ಬಂದು ನಿಲ್ಲು.

ನಿನ್ನ ಅಣ್ಣ