ಕೌಂಟರ್‌ಆ್ಯಕ್ಟ್ ಎಂಬ ಶಬ್ದ

ಜೂನ್ 19, ಬೆಳಿಗ್ಗೆ 11

ಮಾಮಿಗೆ, ನನ್ನ ಅತ್ತೆಗೆ, ಗಂಜಿ ಆಯಿತು. ನುಗ್ಗೆಸೊಪ್ಪಿನ ಪಲ್ಯವೂ. ತವರುಮನೆ ಲಾಯಿಲದಿಂದ ನನ್ನ ಉಮ್ಮ ಮತ್ತೆ ಒಂದು ಕಟ್ಟು ಕಳಿಸಿದ್ದಾರೆ. ಮಾಮಿಯ ಹೃದಯದ ವಾಲ್ವ್ ಬದಲಿಸಿ ನಾಲ್ಕು ತಿಂಗಳು. ಇನ್ನೂ ಸುಸ್ತು. ಸೊಪ್ಪು ತಿಂದರೆ ರಕ್ತ ಆಗುತ್ತದೆ ಎಂದು ಮೂರು ವಾರದಿಂದ ದಿನಾ ಮಾಡುತ್ತಿದ್ದೇನೆ. "ಪುನಃ ಇದುವಾ ಸಜ್ನಾ?" ಎಂದರು. ಒತ್ತಾಯ ಮಾಡಿ ತಿನ್ನಿಸಿದೆ.

ರಕ್ತ ಪರೀಕ್ಷೆಗೆ ಮೂಡುಬಿದಿರೆಗೆ ಹೋಗಬೇಕಿತ್ತು. ಈ ಮಳೆಯಲ್ಲಿ ಬೇಡ. ಮುಂದಿನ ವಾರ.

ಜೂನ್ 24, ಸಂಜೆ 5

ಮಗಳು ರಿಫಾಳ ಇಂಗ್ಲಿಷ್ ಹೋಮ್‌ವರ್ಕ್. 'ಕೌಂಟರ್‌ಆ್ಯಕ್ಟ್' ಬಳಸಿ ವಾಕ್ಯ. ಅವಳು ಬರೆದದ್ದು: 'ನನ್ನ ಗೆಳತಿ ಹನಾ ಮತ್ತು ನಾನು ದಿನಾ ಕೌಂಟರ್‌ಆ್ಯಕ್ಟ್ ಮಾಡುತ್ತೇವೆ.' ಜಗಳ ಎಂದುಕೊಂಡಿದ್ದಾಳೆ! ಟೀಚರ್ ಕೆಂಪು ಶಾಯಿಯಲ್ಲಿ ಕೇಳಿದ್ದಾರೆ: ಯಾವುದರ ಪರಿಣಾಮವನ್ನು?

ಡಿಕ್ಷನರಿ ನೋಡಿದೆವು. ಒಂದರ ಪರಿಣಾಮವನ್ನು ಇನ್ನೊಂದು ಎದುರಾಗಿ ನಿಂತು ಕುಗ್ಗಿಸುವುದು. ಯಾವುದನ್ನು ಎಂದು ಹೇಳದೆ ವಾಕ್ಯ ಮುಗಿಯದಂತೆ.

5.50

ಮಾಮಿಯ ಮಾತ್ರೆಯ ಹೊಸ ಡಬ್ಬಿ ತೆರೆದೆ. ರಕ್ತ ಹೆಪ್ಪುಗಟ್ಟದ ಹಾಗೆ ಇಡುವ ಮಾತ್ರೆ. ಒಳಗಿನ ಕಾಗದ ರಿಫಾ ಬಿಡಿಸಿದಳು. "ಉಮ್ಮ, ಇಲ್ಲಿಯೂ ಕೌಂಟರ್‌ಆ್ಯಕ್ಟ್ ಉಂಟು!" ಜೋರಾಗಿ ಓದಿದಳು. ವಿಟಮಿನ್ ಕೆ ಹೆಚ್ಚಿರುವ ಹಸಿರು ಸೊಪ್ಪು ಈ ಔಷಧದ ಪರಿಣಾಮವನ್ನು—

ಇಷ್ಟು ದಿನ ನಾನು ಏನು ತಿನ್ನಿಸಿದೆ!

ಜೂನ್ 25, ಬೆಳಿಗ್ಗೆ 9

ಮಾಮಿಯ ಕೈಯಿಂದ ಲೋಟ ಬಿತ್ತು. ಎಡಗೈ ಬೆರಳು ಮಡಚಲಾಗುತ್ತಿಲ್ಲ. ಹತ್ತು ನಿಮಿಷ... ಮತ್ತೆ ಸರಿಯಾಯಿತು. "ಜೋಮು ಹಿಡಿದದ್ದು ಮಾರಾಯ್ತಿ," ಎಂದರು. ಬೆಳ್ತಂಗಡಿಯ ಅಂಗಡಿಗೆ, ನನ್ನ ಗಂಡ ನಿಝಾಮರಿಗೆ ಫೋನ್ ಮಾಡಿದೆ. ಕೈಯ ವಿಷಯ ಮಾತ್ರ ಹೇಳಿದೆ. ಸೊಪ್ಪಿನದ್ದು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ 2, ಮೂಡುಬಿದಿರೆ, ಆಸ್ಪತ್ರೆ

ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂಬ ಲೆಕ್ಕ ಎರಡೂವರೆಯ ಮೇಲಿರಬೇಕಂತೆ. ಬಂದದ್ದು 1.3. ಎಲ್ಲಿ ಬೇಕಾದರೂ ಹೆಪ್ಪುಗಟ್ಟಬಹುದು. ವಾಲ್ವ್‌ನಲ್ಲಿ. ಮೆದುಳಿನಲ್ಲಿ. ಬೆಳಗಿನದ್ದು ಅದರ ಮುನ್ಸೂಚನೆ ಇರಬಹುದು ಎಂದರು.

"ಊಟದಲ್ಲಿ ಎಂಥಾದ್ರೂ ಬದಲಾವಣೆ?" ಎಂದು ಡಾಕ್ಟರ್ ಕೇಳಿದರು. ನಿಝಾಮ್ ಪಕ್ಕದಲ್ಲೇ ನಿಂತಿದ್ದರು.

ಮಾಮಿ ಹೇಳಿದರು: "ನುಗ್ಗೆಸೊಪ್ಪು ಡಾಕ್ಟ್ರೇ. ನಾನೇ ಹಟ ಮಾಡಿ ಮಾಡಿಸಿದ್ದು."

ರಿಫಾ ಓದಿದ್ದನ್ನು ನಿನ್ನೆ ಕೇಳಿಸಿಕೊಂಡಿದ್ದರು, ಮಂಚದ ಮೇಲಿಂದ.

"ಉಮ್ಮ, ಈ ಪ್ರಾಯದಲ್ಲಿ ಬಾಯಿಚಪಲವಾ ನಿಮಗೆ?" ನಿಝಾಮ್ ಸಿಡಿದರು. ನಾನು ರಿಪೋರ್ಟ್ ಮಡಚಿ ಚೀಲಕ್ಕೆ ಹಾಕಿದೆ.

ಜೂನ್ 30

ನಾಲ್ಕು ದಿನ ಬರೆಯಲಿಲ್ಲ. ಹೊಟ್ಟೆಗೆ ಇಂಜೆಕ್ಷನ್, ಬೆಳಿಗ್ಗೆ ಸಂಜೆ. ಮಾಮಿ ಮಲಗಿದರೆ ಉಸಿರು ನೋಡುತ್ತಾ ಕೂತೆ. ಮಾತಾಡಿದರೆ ನಾಲಿಗೆ ತೊದಲುತ್ತಿದೆಯೋ ಎಂದು ಕಿವಿಗೊಟ್ಟೆ.

ಇವತ್ತು 2.6. ಸೊಪ್ಪು ಪೂರ್ತಿ ಬಿಡಬೇಕಾಗಿಲ್ಲ, ದಿನಾ ಒಂದೇ ಅಳತೆ ಇರಲಿ, ಬದಲಾದರೆ ಮೊದಲೇ ತಿಳಿಸಿ ಎಂದರು ಡಾಕ್ಟರ್. ನಾಳೆ ಮನೆಗೆ.

ಯಾರೂ ಇಲ್ಲದಾಗ ಕೇಳಿದೆ, "ಯಾಕೆ ಮಾಮಿ ಹಾಗೆ ಹೇಳಿದ್ದು?"

"ನನಗೆ ಬೈದದ್ದನ್ನು ಅವ ನಾಳೆಗೆ ಮರೀತಾನೆ. ನಿನ್ನ ತಪ್ಪು ಅಂತ ಗೊತ್ತಾದ್ರೆ ವರ್ಷ ಕಳೆದ್ರೂ ಹೇಳ್ತಾ ಇರ್ತಾನೆ. ನೀನು ಸುಮ್ಮನಿರು."

ಜುಲೈ 2, ಸಂಜೆ 4

ಬಂಟ್ವಾಳದ ಮನೆಗೆ ಬಂದು ಎರಡನೇ ದಿನ. ನಿಝಾಮ್ ಮರೆತಿಲ್ಲ. ಊಟಕ್ಕೆ ಕೂತಾಗ ಮಾಮಿಯ ಎದುರಿಗೇ ರಿಫಾಳಿಗೆ ಹೇಳಿದರು, "ಉಮ್ಮಾಮ ಎಂಥ ಕೇಳಿದ್ರೂ ಕೊಡ್ಬೇಡ. ಅವರಿಗೆ ಬುದ್ಧಿ ಇಲ್ಲ." ಮಾಮಿ ತಲೆ ತಗ್ಗಿಸಿ ಅನ್ನ ಕಲಸಿದರು. ಮಗು ಅಜ್ಜಿಯನ್ನು ಒಂದು ಥರ ನೋಡಿದಳು.

ಆಸ್ಪತ್ರೆಯಲ್ಲಿಯೂ ಇಷ್ಟು ಹೆದರಿರಲಿಲ್ಲ. ನಿಝಾಮರನ್ನು ಕರೆದಿದ್ದೇನೆ. ಮಾಮಿ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಾರೆ. ಅವರು ಚಹಾ ಲೋಟ ಕೆಳಗಿಟ್ಟ ಸದ್ದು... ಬಾಗಿಲಿಗೆ ಬಂದರು. "ಎಂಥ?" ಎನ್ನುತ್ತಿದ್ದಾರೆ.

ಆ ಸೊಪ್ಪು ನಾನೇ